ಹದಿನಾಲ್ಕರ ಹುಡುಗಿಯ ಬಿಡುಗಡೆ

ಮದೀನತ್ ಸುಲ್ತಾನ್ ಖಾಬೂಸ್, ಮಸ್ಕತ್
12 ಡಿಸೆಂಬರ್ 1993

ಪ್ರೀತಿಯ ಹರಿಣಕ್ಕ,

ನಿಮ್ಮ ಇಬ್ರಾ ಊರಿನಿಂದ ನೀನು ಕಳಿಸಿದ ಪತ್ರಿಕೆಯ ತುಂಡು ಗುರುವಾರ ಕೈಸೇರಿತು. ಜೊತೆಗೆ “ಬೇಜಾರು ಮಾಡಬೇಡ ಮಾರಾಯ್ತಿ” ಎಂದಷ್ಟೇ ಬರೆದಿದ್ದೆ. ಮಣಿಪುರದ ಹದಿಮೂರರ ಹುಡುಗಿಯೊಬ್ಬಳು ದೇಶದ ಫುಟ್ಬಾಲ್ ತಂಡಕ್ಕೆ ಗೋಲು ಹೊಡೆದಿದ್ದಾಳೆ. ಅತಿ ಚಿಕ್ಕ ವಯಸ್ಸಿನ ಗೋಲು ಎಂದು ಇಷ್ಟು ವರ್ಷ ನನ್ನ ಹೆಸರಿನಲ್ಲಿದ್ದ ದಾಖಲೆ ಹೋಯಿತು.

ರೊನಾಲ್ಡ್ ಆಫೀಸಿನಿಂದ ಬಂದವರು ಅದನ್ನು ಓದಿ, ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲನೆ ಪಕ್ಕದಲ್ಲಿ ಕೂತರು. “ಚಾ ಮಾಡ್ಲಾ?” ಎಂದು ಕೇಳಿದರು. ಮದುವೆಯಾದ ಮೇಲೆ ಮೊದಲ ಸಲ. ನನಗೆ ನಗು ಬಂತು ಅಕ್ಕ, ನಿಲ್ಲಲೇ ಇಲ್ಲ.

ನಮ್ಮ ಗೋಲ್‌ಕೀಪರಾಗಿ ನೀನು ಎಲ್ಲವನ್ನೂ ಹಿಂದಿನಿಂದ ನೋಡಿದವಳು. ಹದಿನಾಲ್ಕರ ನನ್ನನ್ನು ದೇಶದ ತಂಡದ ಜೊತೆ ಸಿಂಗಾಪುರಕ್ಕೆ ಕರೆದೊಯ್ದದ್ದೇ ಜನ ಸಾಲದೆ. ಅಂಗಿಯ ತೋಳು ಮೊಣಕೈ ದಾಟಿ ಇಳಿಯುತ್ತಿತ್ತು. ನೀನೇ ಮಡಚಿ ಪಿನ್ನು ಚುಚ್ಚಿದ್ದೆ. ಪಂದ್ಯ ಮುಗಿಯುವ ಹೊತ್ತಿಗೆ ನನ್ನನ್ನು ಮೈದಾನಕ್ಕೆ ಇಳಿಸಿದರು. ಎಡಗಡೆಯಿಂದ ಬಂದ ಚೆಂಡಿಗೆ ಕಾಲು ಕೊಟ್ಟೆ, ಒಳಗೆ ಹೋಯಿತು. ಉಡುಪಿಗೆ ಮರಳಿದಾಗ ಚರ್ಚಿನಲ್ಲಿ ಹಾರ, ಶಾಲೆಯಲ್ಲಿ ಭಾಷಣ. ಆಗ ಸಂತೋಷವೇ ಆಗಿತ್ತು.

ಆಮೇಲೆ ಹೋದಲ್ಲೆಲ್ಲ ಜನ ಆ ಹದಿನಾಲ್ಕರ ಹುಡುಗಿಯನ್ನೇ ನೋಡಲು ಬಂದರು. ನನ್ನ ಮೈ ಬೆಳೆಯಿತು, ಓಟ ತಗ್ಗಿತು. ಕಾಲಿಗೆ ಚೆಂಡು ಬಂದರೆ ತಕ್ಷಣ ಬೇರೆಯವರಿಗೆ ದಾಟಿಸಿಬಿಡುತ್ತಿದ್ದೆ. ಹದಿನೇಳಕ್ಕೆ ತಂಡದಿಂದ ಕೈಬಿಟ್ಟರು. “ನಿಂದು ಬೇಗ ಅರಳಿ ಬೇಗ ಮುಗೀತಮ್ಮ” ಎಂದರು ಕೋಚ್ ದೊರೆಸ್ವಾಮಿ ಸರ್. ಬೈದಿದ್ದರೆ ಸಹಿಸುತ್ತಿದ್ದೆ.

ಇಲ್ಲಿಗೆ ಬಂದರೂ ಆ ಹುಡುಗಿ ಬೆನ್ನು ಬಿಡಲಿಲ್ಲ. ನಮ್ಮವರ ಪ್ರತಿ ಕೂಟದಲ್ಲೂ ಅದೇ ಪರಿಚಯ, ಅದರ ಹಿಂದೆಯೇ ಅದೇ ಪ್ರಶ್ನೆ: ಆಮೇಲೆ ಏನಾಯ್ತು? ಶಾಲೆಯಲ್ಲಿ ಆಟದ ಟೀಚರಾಗಿದ್ದರೂ ಮಕ್ಕಳೆದುರು ಒಂದು ದಿನವೂ ಚೆಂಡು ಒದ್ದು ತೋರಿಸಿಲ್ಲ. ವಿಸಿಲ್ ಊದುತ್ತಿದ್ದೆ, ಅಷ್ಟೆ. ಗುರಿ ತಪ್ಪಿದರೆ ಆ ಹುಡುಗಿಗೆ ಅವಮಾನ ಎಂದು ಹೆದರಿಕೆ.

ಮೊನ್ನೆ ಶುಕ್ರವಾರ ಸಂಜೆ ಖುರುಮ್ ಕಡಲತೀರಕ್ಕೆ ಹೋಗಿದ್ದೆವು. ನಮ್ಮ ಶಾಲೆಯ ಬೀಟ್ರಿಸ್ ಮತ್ತು ಕೆಲವು ಹೆಂಗಸರು ಚಪ್ಪಲಿಗಳನ್ನೇ ಗೋಲಿನ ಗುರುತಿಗಿಟ್ಟು ಮಕ್ಕಳ ಚೆಂಡಿನಲ್ಲಿ ಆಡುತ್ತಿದ್ದರು. “ಯಲ್ಲಾ, ಏಳಿ ಉರ್ಸುಲಾ, ಬರ್ತೀರಾ?” ಎಂದು ಬೀಟ್ರಿಸ್ ಎಂದಿನಂತೆ ಕರೆದಳು, ನಾನು ಬರುವುದಿಲ್ಲವೆಂದು ಗೊತ್ತಿದ್ದೇ.

ನಾನು ಎದ್ದು, ವೇಲನ್ನು ಸೊಂಟಕ್ಕೆ ಬಿಗಿದೆ.

ಮೊದಲ ಹೊಡೆತ ನೆಟ್ಟಗೆ ಸಮುದ್ರಕ್ಕೆ. ರೊನಾಲ್ಡ್ ಪ್ಯಾಂಟು ಮಡಚಿ ನೀರಿಗಿಳಿದು ಚೆಂಡು ತಂದರು. ಎರಡನೆಯದೂ ತಪ್ಪಿತು. “ಇವಳೇನಾ ಆ ಹುಡುಗಿ?” ಎಂದು ಯಾರೂ ಕೇಳಲಿಲ್ಲ. ನನ್ನೊಳಗೂ ಯಾರೂ ಕೇಳಲಿಲ್ಲ ಅಕ್ಕ. ಉಸಿರು ಕಟ್ಟುವವರೆಗೆ ಓಡಿದೆ. ಕತ್ತಲಾಯಿತೆಂದು ಬೀಟ್ರಿಸ್ “ಖಲಾಸ್” ಎಂದಾಗ ಇನ್ನೂ ಸ್ವಲ್ಪ ಹೊತ್ತು ಎಂದು ಬೇಡಿದವಳು ನಾನೇ.

ಆದ್ದರಿಂದ ನನಗಾಗಿ ಮರುಗಬೇಡ. ಮಣಿಪುರದ ಆ ಮಗುವನ್ನು ನೆನೆದರೆ ಮಾತ್ರ ಮನಸ್ಸು ಹಿಂಡುತ್ತದೆ. ಅವಳ ಹತ್ತಿರವೂ ನಿನ್ನಂಥವಳೊಬ್ಬಳು ಇರಲಿ.

ನಿನ್ನ ತಂಗಿಯಂಥ
ಉರ್ಸುಲಾ

ತಾ.ಕ.: ಆಟದ ಬೂಟು ಊರಿನಲ್ಲೇ ಬಿಟ್ಟು ಬಂದೆ ಎಂದು ನಿನಗೆ ಹೇಳಿದ್ದೆನಲ್ಲ, ಬಿಟ್ಟಿಲ್ಲ. ಮಸ್ಕತ್ತಿಗೆ ಬಂದಾಗಿನಿಂದ ಮಂಚದಡಿಯ ಸೂಟ್‌ಕೇಸಿನಲ್ಲಿದೆ. ಆಗಾಗ ತೆಗೆದು ಪಾಲಿಷ್ ಹಚ್ಚುತ್ತಿದ್ದೆ, ರೊನಾಲ್ಡ್‌ಗೂ ಗೊತ್ತಿಲ್ಲ. ನಿನ್ನೆ ಹಾಕಿ ನೋಡಿದೆ. ಹೆಬ್ಬೆರಳಿಗೆ ಸ್ವಲ್ಪ ಒತ್ತುತ್ತದೆ, ಆದರೂ ಹಿಡಿಸುತ್ತದೆ. ಕ್ರಿಸ್ಮಸ್‌ಗೆ ಬಂದಾಗ ನೀನು ಗೋಲಿನಲ್ಲಿ ನಿಲ್ಲಬೇಕು.