ಕೊಬಾಲ್ ಬಿಟ್ಟ ಜಾಗ

ಡಿಸೆಂಬರ್ 14, ಶನಿವಾರ

ಈ ಕೊಬಾಲ್‌ನನ್ನು ಯಾರಿಗಾದರೂ ಹಿಡಿಸಲೇಬೇಕೆಂಬ ಹುಚ್ಚು ಇವತ್ತೂ ಬಿಡಲಿಲ್ಲ. ಸ್ಲೊವೇನಿಯಾದ ಜಾಝ್ ಪಿಯಾನೊಗಾರ. ಅವನ ಊರಲ್ಲೇ ಎಷ್ಟು ಜನ ಕೇಳುತ್ತಾರೋ! ಬೆಳಿಗ್ಗೆ ಗೆಳತಿ ನಂದಿತಾಗೆ ಕಳಿಸಿದೆ. ತಕ್ಷಣ ಫೋನ್ ಮಾಡಿದಳು: "ಮಧ್ಯೆ ಮಧ್ಯೆ ನಿಂತೋಗ್ತಿದೆ ಕಣೇ, ಫೈಲ್ ಹಾಳಾಗಿದೆ." ಹಾಳಾಗಿಲ್ಲ ಮಹಾತಾಯಿ, ಅವನು ನುಡಿಸುವುದೇ ಹಾಗೆ. ಒಂದು ಸಾಲು, ಆಮೇಲೆ ಉದ್ದನೆಯ ಮೌನ.

ಸಂಜೆ ಕೆಳಗಿನ ಮನೆಯಲ್ಲಿ ಓನರ್ ನಾರಾಯಣಮ್ಮನವರ ಭಜನೆ. ಮಂಗಳಾರತಿ ಆಗಿ ಉಸಲಿ ಹಂಚುವಾಗ ಅವರೇ ಕೇಳಿದರು: "ಮೇಲೆ ಅದೇನೋ ಟಿಣ್ ಟಿಣ್ ಅಂತ ಆಕ್ಕೊಂಡಿರ್ತೀಯಲ್ಲವ್ವ, ನಮ್ಗೂ ಒಸಿ ಕೇಳ್ಸು."

ಮೇಲಿಂದ ಸ್ಪೀಕರ್ ತಂದು ಹಾಕಿದೆ. ಮೊದಲ ಮೌನಕ್ಕೇ ಅವರ ಯಜಮಾನರು ಮುನಿರಾಮಯ್ಯ, ಮುಗಿಯಿತೆಂದುಕೊಂಡು, ಕೈಯೆತ್ತಿ "ಗೋವಿಂದಾ..." ಎಂದುಬಿಟ್ಟರು. ಎಲ್ಲರೂ "ಗೋವಿಂದ!" ಎನ್ನುವಷ್ಟರಲ್ಲಿ ಪಿಯಾನೊ ಮತ್ತೆ ಶುರು. ಮನೆ ತುಂಬ ನಗು. ಇವರ ಬಳಿಯೂ ನನ್ನ ಕೊಬಾಲ್‌ಗೆ ಮಂಗಳ ಹಾಡಿದಂತಾಯಿತು ಎಂದುಕೊಂಡೆ.

ನಾರಾಯಣಮ್ಮ ಮಾತ್ರ ನಗಲಿಲ್ಲ. "ಸುಮ್ಕಿರ್ರಿ. ಆವಯ್ಯ ಒಂದ್ ಸಾಲು ಯೋಳ್ಕೊಟ್ಟು ನಮ್ಗೆ ಜಾಗ ಬಿಡ್ತಾವ್ನೆ. ತಿರ್ಗಿ ಯೋಳ್ರಿ!" ಎಂದು ತಾಳ ಎತ್ತಿಕೊಂಡರು. ಮುಂದಿನ ಮೌನ ಬಂದಾಗ ಇಡೀ ಮಂಡಳಿ, ಬಾಯಲ್ಲಿ ಉಸಲಿಯಿದ್ದವರೂ ಸೇರಿ, "ಆ ಆ" ಎಂದು ಅವನ ಸಾಲನ್ನು ಅವನಿಗೇ ಹಾಡಿ ಒಪ್ಪಿಸಿತು. ಶ್ರುತಿ ಅಷ್ಟಕ್ಕಷ್ಟೇ. ಆದರೆ ಇವರು ಮುಗಿಸುವುದಕ್ಕೂ ಅವನು ಮುಂದಿನ ಸಾಲು ಎತ್ತುವುದಕ್ಕೂ ಸರಿಹೋಯಿತು.

ಇಷ್ಟು ವರ್ಷ ಅವನು ಕಾಯುತ್ತಲೇ ಇದ್ದ. ನಾನು ದೊಡ್ಡ ರಸಿಕಳಂತೆ ಕಣ್ಣು ಮುಚ್ಚಿ, ಬಾಯಿಯನ್ನೂ ಮುಚ್ಚಿಕೊಂಡು ಕೂತಿದ್ದೆ.

ಕಣ್ಣು ಎಳೆಯುತ್ತಿದೆ, ಇಯರ್‌ಫೋನ್ ತೆಗೆಯಲು ಮನಸ್ಸಿಲ್ಲ. ಇಗೋ, ಸಾಲು ಮುಗಿಸಿದ. ಈಗ ನನ್ನ ಸರದಿ...