ಕಾಲು ಮುಂದಾಗಿ ಹುಟ್ಟಿದವರು

ರಿಪ್ಪನ್‌ಪೇಟೆ
12-11-1964

ತುಂಗಾ, ನನ್ನ ಮಗಳೇ,

ಮನೆದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ. ಅಳಿಯಂದಿರಿಗೂ ನಿನ್ನ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ಆದರೆ ಈ ಕಾಗದ ಅವರಿಗೆ ಓದಿ ಹೇಳಬೇಡ. ಕಾನ್ಫಿಡೆನ್ಷಿಯಲ್.

ದೀಪಾವಳಿಗೆ ತೀರ್ಥಹಳ್ಳಿಗೆ ಬರಲಿಲ್ಲವೆಂದು ಸಿಟ್ಟು ಮಾಡಿದ್ದೀಯ. ಹೇಗೆ ಬರಲಿ? ಬೆಳಗ್ಗೆ ಬಾಗಿಲು ತೆಗೆಯುವುದರೊಳಗೆ ಜಗಲಿ ಮೇಲೆ ನಾಲ್ಕು ಜನ ಸೊಂಟ ಹಿಡಿದುಕೊಂಡು ಕೂತಿರುತ್ತಾರೆ. ಕಾಲು ಮುಂದಾಗಿ ಹುಟ್ಟಿದವರು ಬೆನ್ನು ಮೆಟ್ಟಿದರೆ ಉಳುಕು ಹೋಗುತ್ತದೆಂದು ನಮ್ಮ ಕಡೆ ನಂಬಿಕೆಯಲ್ಲವೇ. ಸುತ್ತ ಏಳು ಊರಿಗೆ ಹಾಗೆ ಹುಟ್ಟಿದವನು ನಾನೊಬ್ಬನೇ. ಹಬ್ಬದ ಹಿಂದಿನ ದಿನ ಬಸ್ಸು ಹತ್ತಿದ್ದೆ ಕೂಡ. ಕಂಡಕ್ಟರ್, "ಮೇಷ್ಟ್ರೇ, ಟಿಕೆಟ್ ಆಮೇಲೆ, ಇಲ್ಲೊಂದ್ಸಲ ಮೆಟ್ಟಿ" ಅಂತ ಬೆನ್ನು ತಿರುಗಿಸಿದ. ಎಲ್ಲ ನಕ್ಕರು. ನಾನು ಇಳಿದು ಮನೆಗೆ ಬಂದೆ.

ಮೆಟ್ಟುವುದೆಂದರೆ ಎಂಥದ್ದು? ಚಾಪೆ ಮೇಲೆ ಕವುಚಿ ಮಲಗಿಸಿ, ಬಲ ಹಿಮ್ಮಡಿಯನ್ನು ಸ್ಪೈನಲ್ ಕಾಲಂ ಉದ್ದಕ್ಕೂ ಮೂರು ಸಲ ಎಳೆಯುವುದು. ಆಮೇಲೆ, ನೆಕ್ಕಿ ಸೊಪ್ಪು ಕುದಿಸಿದ ನೀರಿನ ಕಾವು ಕೊಟ್ಟುಕೊ, ಬರಿ ಹಲಗೆ ಮೇಲೆ ಮಲಗು, ಮಂಡಿ ಎದೆಗೆ ತಂದು ಹತ್ತು ಎಣಿಸು ಅಂತೇನೆ. ಶಿವಮೊಗ್ಗದ ಕಾಲೇಜಿನಲ್ಲಿ ಡ್ರಿಲ್ ಮಾಸ್ಟರು ಕಲಿಸಿದ್ದು. ವಾಸಿಯಾಗುವುದು ಅದರಿಂದ. ಹೆಸರು ಮಾತ್ರ ಕಾಲಿಗೆ.

ಈಗ ಹೇಳಿಬಿಡುತ್ತೇನೆ. ನಾನು ಹಾಗೆ ಹುಟ್ಟಿದವನಲ್ಲ, ತುಂಗಾ. ಹುಟ್ಟಿದ್ದು ನೀನು. ಸೂಲಗಿತ್ತಿ ರಂಗಮ್ಮ ಹೊರಗೆ ಬಂದು ಸಾರುವವಳಿದ್ದಳು. ನಿನ್ನವ್ವ ಅವಳ ಸೆರಗು ಹಿಡಿದು, "ಹೆಣ್ಣು ಮಗು ಕಣೇ. ನಾಳೆ ಕಂಡ ಕಂಡ ಗಂಡಸರ ಬೆನ್ನ ಮೇಲೆ ಇದರ ಕಾಲಿಡಿಸ್ತಾರೆ. ಸುಮ್ಮನಿರು" ಅಂದಳಂತೆ. ರಂಗಮ್ಮನ ಬಾಯಿ ನಿಲ್ಲಬೇಕಲ್ಲ, ಅರ್ಧ ಮಾತು ಊರಿಗೆ ಬಿತ್ತು. ಆ ಮನೆಯಲ್ಲಿ ಯಾರೋ ಕಾಲು ಮುಂದಾಗಿ ಹುಟ್ಟಿದ್ದಾರಂತೆ, ಯಾರದು ಅಂತ ಜನ ಬಂದು ಕೇಳಿದಾಗ ನಿನ್ನವ್ವ ನನ್ನ ಕಡೆ ಬೆರಳು ತೋರಿಸಿದಳು. ಇಪ್ಪತ್ತೆರಡು ವರ್ಷವಾಯಿತು. ಅವಳು ಹೋಗಿ ಮೂರು. ನನ್ನನ್ನು ಬಿಡಿಸುವವರಿಲ್ಲ.

ಪಕ್ಕದ ಮನೆ ದುಗ್ಗಪ್ಪ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವನು, ಸೊಪ್ಪು ಕಡಿಯುವಾಗ ಮರದಿಂದ ಬಿದ್ದ. ಹೊತ್ತು ತಂದರು. ಬೇಡವೆಂದೆ, ಕೇಳಲಿಲ್ಲ. ಮೆಟ್ಟಿದೆ. ಒಳಗೇನೋ ಕಟಕ್ ಅಂತು. ಬೇರೆ ಯಾರಿಗೂ ಕೇಳಿಸಲಿಲ್ಲ, ನನ್ನ ಹಿಮ್ಮಡಿಗೆ ಗೊತ್ತಾಯಿತು. ಆರು ದಿನದಿಂದ ಅವನ ಎಡಗಾಲು ಚಿವುಟಿದರೂ ಅವನಿಗೆ ತಿಳಿಯುವುದಿಲ್ಲ. ಆಸ್ಪತ್ರೆಗೆ ಹೋಗಿ ಅಂತ ಕೈಮುಗಿದೆ. ಅವನ ಹೆಂಡತಿ ಹೂವಮ್ಮ, "ನಿಮ್ಮ ಕಾಲಿಗೆ ಬಗ್ಗದ್ದು ಡಾಕ್ಟರ ಸೂಜಿಗೆ ಬಗ್ತದಾ? ಇನ್ನೆರಡು ಸಲ ಮೆಟ್ಟಿ" ಅಂತಾಳೆ. ದುಗ್ಗಪ್ಪ ನಗುತ್ತಾ, "ನನ್ನ ಕವುಚಿ ಹಾಕ್ರೋ" ಅಂತಾನೆ. ಆ ನಗು ನೋಡಲಾರೆ.

ನಿಜ ಹೇಳಿದರೆ ಆಸ್ಪತ್ರೆಗೆ ಹೋದಾರು. ಆದರೆ, ನೀವಲ್ಲದಿದ್ದರೆ ಮತ್ತ್ಯಾರು ಅಂತ ಕೇಳದೆ ಬಿಡುವವರಲ್ಲ. ನಿನ್ನವ್ವನಿಗೆ ಮಾತು ಕೊಟ್ಟಿದ್ದೇನೆ. ನೀನು ಹೂಂ ಅಂದರೆ ಮಾತ್ರ ಬಾಯಿಬಿಡುತ್ತೇನೆ. ಯೋಚಿಸಿ ಬರೆ.

'ಐ ಹ್ಯಾವ್ ದಿ ಆನರ್ ಟು ಬಿ' ಅಂತ ಕಾಗದ ಮುಗಿಸುವುದನ್ನು ಕಾಲೇಜಿನಲ್ಲಿ ಕಲಿಸಿದ್ದರು. ಮುಂದೆ ಏನಾಗಿರಬೇಕು ಅನ್ನುವುದು ಮರೆತುಹೋಗಿದೆ.

ನಿನ್ನ ಅಪ್ಪಯ್ಯ,
ಹೂವಯ್ಯ

ತಾ.ಕ.: ನೀನು ಹೂಂ ಅಂದರೆ ಮಾತ್ರ ಬಾಯಿಬಿಡುತ್ತೇನೆ ಅಂತ ಬರೆದದ್ದು ಸುಳ್ಳು. ನಿನ್ನೆಯೇ ಹೇಳಿಬಿಟ್ಟೆ. ಹೂವಮ್ಮ ಸಿಟ್ಟು ಮಾಡಲಿಲ್ಲ. "ಹಾಗಾದ್ರೆ ತುಂಗಮ್ಮನ ಹತ್ರಾನೇ ಹೋಗ್ತೀವಿ" ಅಂದಳು. ನಾನು ತಡೆಯಲಿಲ್ಲ. ಆಸ್ಪತ್ರೆ ನಿನ್ನ ಮನೆಗೆ ನಾಲ್ಕು ಹೆಜ್ಜೆ. ಭಾನುವಾರ ಲಾರಿಯಲ್ಲಿ ಮಲಗಿಸಿಕೊಂಡು ಬರುತ್ತಾರೆ. ಡಾಕ್ಟರನ್ನು ಮೊದಲೇ ಕರೆಸಿ ಕೂರಿಸು. ಅವರು ನೋಡದೆ ಮೆಟ್ಟುವುದಿಲ್ಲ ಅನ್ನು. ಹೂವಮ್ಮ ಎಷ್ಟು ಅತ್ತರೂ ಅವನ ಬೆನ್ನ ಮೇಲೆ ಕಾಲು ಮಾತ್ರ ಇಡಬೇಡ. ಅವನ ಹಿಂದೆ ನಿನ್ನನ್ನು ಹುಡುಕಿಕೊಂಡು ಇನ್ನೆಷ್ಟು ಜನ ಬರುತ್ತಾರೋ, ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ, ಮಗಳೇ.