ಬೇಕು, ಆದ್ರೆ ಇಲ್ಲಿ ಬೇಡ

ಫೆಬ್ರವರಿ 6
ಶಟರ್ ಎತ್ತಿ ಬಟ್ಟೆಯ ತಾನುಗಳನ್ನು ಜೋಡಿಸುವಷ್ಟರಲ್ಲಿ ನಾಲ್ಕು ದೂರು. ಚರಂಡಿ, ಬೀದಿದೀಪ, ನಾಯಿ, ಮತ್ತೆ ಚರಂಡಿ. ಒಬ್ಬರೂ ಒಂದು ಮೀಟರ್ ಲೈನಿಂಗ್ ಕೂಡ ಕೊಳ್ಳಲಿಲ್ಲ. ಕೌನ್ಸಿಲರ್ ಅಂಗಡಿಗೆ ಬರುವವರು ಬಾಯಿ ತರುತ್ತಾರೆ, ಚೀಲ ತರುವುದಿಲ್ಲ.
ಒಂದೇ ಸಮಾಧಾನ — ಮಾರ್ಕೆಟ್ ಬೀದಿಗೆ ಹೆಂಗಸರ ಶೌಚಾಲಯ ಮಂಜೂರಾಯಿತು. ಎರಡು ವರ್ಷ ಚಪ್ಪಲಿ ಸವೆಸಿದ್ದಕ್ಕೆ. ಮಾರ್ಚ್ 31ರೊಳಗೆ ಜಾಗ ತೋರಿಸಬೇಕು. ಇಲ್ಲದಿದ್ದರೆ ರದ್ದು.

ಫೆಬ್ರವರಿ 14
ಬೀದಿ ಪೂರ್ತಿ ಸುತ್ತಿದೆ. ಎಲ್ಲರದೂ ಒಂದೇ ರಾಗ. ಪಾತ್ರೆ ಅಂಗಡಿಯವನು, “ಬೇಕೇ ಬೇಕು ಸಾರ್, ಪುಣ್ಯದ ಕೆಲ್ಸ. ಆದ್ರೆ ನಮ್ಮಂಗ್ಡಿ ಪಕ್ಕ ಬೇಡ.” ಔಷಧಿ ಅಂಗಡಿಯವನು, “ನಿಮ್ಮಂಗ್ಡಿ ಪಕ್ಕ ಮುನ್ಸಿಪಾಲ್ಟಿ ಜಾಗ ಖಾಲಿ ಇದೆಯಲ್ಲಣ್ಣ?” ಅಧಿಕಪ್ರಸಂಗಿ. ಅದು ತುಂಬಾ ಚಿಕ್ಕದು ಎಂದೆ. ಅಷ್ಟೇನೂ ಚಿಕ್ಕದಲ್ಲ.

ಮಾರ್ಚ್ 3, ಸಂಜೆ 4
ಮುನ್ಸಿಪಾಲ್ಟಿ ಮೀಟಿಂಗ್. ಇಂಜಿನಿಯರ್ ಅದೇ ಖಾಲಿ ಜಾಗಕ್ಕೆ ಗುರುತು ಹಾಕಿದ್ದಾರೆ. ಬೆನ್ನಿಗೇ, ಅಂಗಡಿಗಳ ಪಕ್ಕ ಶೌಚಾಲಯ ಬೇಡ ಎಂಬ ವರ್ತಕರ ಸಂಘದ ಆಕ್ಷೇಪಣೆ ಅರ್ಜಿ ಓದಿದರು. ಏಳನೇ ಸಹಿ ನನ್ನದು! ಸಂಘದವರು ಕಾಗದ ತಂದಾಗ ಖುಷಿಯಿಂದಲೇ ಹಾಕಿದ್ದೆ. ನನ್ನ ಮುಂದೆಯೇ ಓದುತ್ತಾರೆಂದು ಹೊಳೆದಿರಲಿಲ್ಲ...
ಅಧ್ಯಕ್ಷೆ, “ಬೇಕು ಅನ್ನೋರೂ ನೀವೇ, ಬೇಡ ಅನ್ನೋರೂ ನೀವೇ. ನಾವೇನ್ ಮಾಡ್ಬೇಕು ಹೇಳಿ?” ಎಲ್ಲರೂ ನಕ್ಕರು. ಮೈಯೆಲ್ಲ ಉರಿದುಹೋಯಿತು.

ಏಪ್ರಿಲ್ 2
ಮಂಜೂರಾತಿ ರದ್ದು. ಆ ದುಡ್ಡಲ್ಲಿ ಪಕ್ಕದ ವಾರ್ಡಿನ ಪಾರ್ಕಿಗೆ ಹೊಸ ಗೇಟು ಬರುತ್ತದಂತೆ. ತಪ್ಪು ನನ್ನದಲ್ಲ. ಇಡೀ ಬೀದಿಯದು.

ಏಪ್ರಿಲ್ 19
ಹೆಂಡತಿಗೆ ಚಳಿಜ್ವರ, ಸೊಂಟನೋವು. ಆಸ್ಪತ್ರೆಗೆ ಸೇರಿಸಿದೆ. ಮೂತ್ರದ ಸೋಂಕು ಕಿಡ್ನಿಗೆ ಏರಿದೆಯಂತೆ.
“ನೀರು ಯಾಕಮ್ಮ ಸರಿಯಾಗಿ ಕುಡಿಯಲ್ಲ?” ಡಾಕ್ಟರ್ ಕೇಳಿದರು.
“ದಿನವಿಡೀ ಅಂಗಡೀಲಿರ್ತೀನಿ ಡಾಕ್ಟ್ರೇ. ಕುಡಿದ್ರೆ ಎಲ್ಲಿಗೆ ಹೋಗ್ಲಿ?”
ಹದಿನೆಂಟು ವರ್ಷ ನನ್ನ ಪಕ್ಕದಲ್ಲೇ ನಿಂತು ಬಟ್ಟೆ ಅಳೆದಿದ್ದಾಳೆ. ನಾನು ಹಿಂದಿನ ಗೋಡೆಯ ಮರೆಗೆ ಹೋಗಿಬರುತ್ತೇನೆ. ಅವಳೇನು ಮಾಡುತ್ತಾಳೆಂದು ಕೇಳಿರಲಿಲ್ಲ. ಒಮ್ಮೆಯೂ. ನಾಚಿಕೆಯಾಯಿತು. ಅವಳ ಮೇಲೇ ಸಿಟ್ಟೂ ಬಂತು — ಬಾಯಿಬಿಟ್ಟು ಹೇಳಬಾರದಿತ್ತೇ? ಕೇಳಿಯೂಬಿಟ್ಟೆ.
“ನಿಮ್ಗೆ ದೂರು ಹೇಳೋರು ಸಾಲದಾ, ನಾನೂ ಹೇಳ್ಬೇಕಿತ್ತಾ?” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮೇ 8, ಬೆಳಿಗ್ಗೆ 10
ಅಂಗಡಿಗೆ ಅಂಟಿದ ನನ್ನ ಗೋಡೌನ್ ಅರ್ಧ ಖಾಲಿ ಮಾಡಿಸಿದೆ. ಅಲ್ಲಿ ನಾನೇ ಶೌಚಾಲಯ ಕಟ್ಟಿಸುತ್ತೇನೆ. ಯಾರ ಸಹಿಯೂ ಬೇಡ. ಮೇಸ್ತ್ರಿ ಟೇಪು ಹಿಡಿದು ಕೇಳಿದ, “ಬಾಗ್ಲು ಯಾವ ಕಡೆ ಇಡ್ಲಿ ಯಜಮಾನ್ರೇ? ಅಂಗ್ಡಿ ಒಳಕ್ಕಾ, ಬೀದಿಗಾ?”
“ಒಳಕ್ಕೆ.” ಬಾಯಿಂದ ಬಂದೇಬಿಟ್ಟಿತು.
ಕೌಂಟರ್ ಹಿಂದೆ ಕೂತಿದ್ದ ಹೆಂಡತಿ ಎದ್ದಳು. ಇನ್ನೂ ನಿಶ್ಶಕ್ತಿ. ಕೌಂಟರ್ ಹಿಡಿದುಕೊಂಡೇ ಹೊರಗೆ ಹೋದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬೀದಿಯ ಗೋಡೆಯ ಮೇಲೆ ಒಂದು ಬಾಗಿಲು ಬರೆದಳು. ಎದುರಿನ ತರಕಾರಿಯಾಕೆ ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದಾಳೆ. ಪಾತ್ರೆ ಅಂಗಡಿಯವನೂ.
ಮೇಸ್ತ್ರಿ ನನ್ನ ಅಪ್ಪಣೆಗೆ ಕಾಯುತ್ತಿದ್ದಾನೆ. ನಾನು ಒಳಗೆ ಕೂತು ಇದನ್ನು ಬರೆಯುತ್ತಿದ್ದೇನೆ, ಹೇಡಿಯ ಹಾಗೆ. ಹೊರಗೆ ಹೋಗಿ, ಎಲ್ಲರಿಗೂ ಕೇಳುವಂತೆ, ಬೀದಿಗೇ ಇಡಪ್ಪ ಅಂತ —